ಬಯಲುಸೀಮೆಯ ಮನೆಯಲ್ಲಿ ತಂಪು ನಾಡಿನ ಆರ್ಕಿಡ್: ಕುಂಡ ಬದಲಾವಣೆ ಮತ್ತು ಆರೈಕೆ

ಊಟಿ, ಮಡಿಕೇರಿ ಮುಂತಾದ ಗಿರಿಪ್ರದೇಶಗಳಿಗೆ ಪ್ರವಾಸ ಹೋದವರು ಹೂಬಿಟ್ಟ ಆರ್ಕಿಡ್ ಸಸ್ಯಗಳನ್ನು ಕೊಂಡು ತರುವುದು ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಸಿರಸಂಗಿ, ಸವದತ್ತಿ, ರಾಮದುರ್ಗ ಹಾಗೂ ಬೈಲಹೊಂಗಲ ಭಾಗದ ಮನೆಗಳಿಗೆ ಬಂದ ಇಂತಹ ಸಸ್ಯಗಳ ಪೈಕಿ ಅನೇಕವು ಮೊದಲ ಬೇಸಿಗೆಯನ್ನೇ ದಾಟುವುದಿಲ್ಲ. ಯುಗಾದಿಯ ಹೊತ್ತಿಗೆ ಎಲೆ ಹಳದಿಯಾಗುತ್ತದೆ; ಕಾರಹುಣ್ಣಿಮೆಯೊಳಗೆ ಬೇರು ಕೊಳೆತು ಸಸ್ಯ ಸಾಯುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಎರಡು: ರಾತ್ರಿಯ ಸೆಕೆ ಮತ್ತು ಕುಂಡದೊಳಗಿನ ಮಣ್ಣು. ಎರಡನೆಯದನ್ನು ಪೂರ್ಣವಾಗಿ ಸರಿಪಡಿಸಬಹುದು. ಮೊದಲನೆಯದನ್ನು ಭಾಗಶಃ ಮಾತ್ರ ಸರಿಪಡಿಸಲು ಸಾಧ್ಯ ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಮಲೆನಾಡಿನಲ್ಲಿ ಸೀತಾಳೆ ಎಂದು ಕರೆಯಲಾಗುವ ಈ ಸಸ್ಯವರ್ಗವನ್ನು ಬೆಳೆಗಾರರು ರಾತ್ರಿಯ ಉಷ್ಣತೆಯ ಆಧಾರದ ಮೇಲೆ ಮೂರು ಗುಂಪುಗಳಾಗಿ ನೋಡುತ್ತಾರೆ. ತಂಪು ಬಯಸುವ ಗುಂಪಿಗೆ ರಾತ್ರಿಯಲ್ಲಿ 10ರಿಂದ 13 ಡಿಗ್ರಿ ಸೆಲ್ಸಿಯಸ್, ಹಗಲಿನಲ್ಲಿ ಹೆಚ್ಚೆಂದರೆ 24 ಡಿಗ್ರಿಯಷ್ಟು ಉಷ್ಣತೆ ಹಿತಕರ. ಹಿಮಾಲಯದ ತಪ್ಪಲಿನ ದೊಡ್ಡ ಹೂವಿನ ಸಿಂಬಿಡಿಯಂ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಮಂಜುಕಾಡುಗಳ ಮಾಸ್ಡೆವಾಲಿಯಾ ಮತ್ತು ಓಡಾಂಟೊಗ್ಲೋಸಮ್ ಈ ಗುಂಪಿಗೆ ಸೇರಿವೆ. ಸಸ್ಯವು ಹಗಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಭಾಗವನ್ನು ಉಸಿರಾಟಕ್ಕಾಗಿ ಖರ್ಚು ಮಾಡುತ್ತದೆ. ರಾತ್ರಿ ಸೆಕೆಯಾದಷ್ಟೂ ಈ ಖರ್ಚು ಏರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಳಿಕೆಗಿಂತ ಖರ್ಚೇ ಹೆಚ್ಚಾದ ಸಸ್ಯವು ತನ್ನ ಗಡ್ಡೆಯಲ್ಲಿ ಕೂಡಿಟ್ಟುಕೊಂಡ ಆಹಾರವನ್ನು ಕರಗಿಸಿಕೊಂಡು ಸೊರಗುತ್ತದೆ. ಮಾಸ್ಡೆವಾಲಿಯಾಕ್ಕೆ ಅಂತಹ ಗಡ್ಡೆಯೂ ಇಲ್ಲ. ಅದನ್ನು ಈ ಭಾಗದಲ್ಲಿ ಕೊಳ್ಳದಿರುವುದೇ ಲೇಸು.

ಸಿಂಬಿಡಿಯಂನ ವಿಷಯ ಸ್ವಲ್ಪ ಬೇರೆ. ಅದು ಹಗಲಿನ ಬಿಸಿಲನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಮಳೆಗಾಲ ಮುಗಿಯುವ ಸಮಯದಲ್ಲಿ ಹಗಲು ಮತ್ತು ರಾತ್ರಿಯ ನಡುವೆ ಸುಮಾರು 10 ಡಿಗ್ರಿಯ ಅಂತರ ದೊರೆಯದಿದ್ದರೆ ಎಲೆ ಮಾತ್ರ ಬೆಳೆಯುತ್ತದೆ, ಹೂದಂಟು ಹೊರಡುವುದಿಲ್ಲ. ಆದುದರಿಂದ ದಸರೆಯ ನಂತರ ಕುಂಡವನ್ನು ಪಡಸಾಲೆಯಿಂದ ಹಿತ್ತಲಿಗೆ ಸಾಗಿಸಿ, ರಾತ್ರಿ ತೆರೆದ ಆಕಾಶದ ಕೆಳಗೆ ಇರಿಸಬೇಕು. ಚಳಿ ಬಿದ್ದೀತೆಂದು ಮರುಕಪಟ್ಟು ಒಳಗೆ ತಂದಿಟ್ಟರೆ ಹೂವಿನ ಆಸೆ ಬಿಡಬೇಕಾಗುತ್ತದೆ.

ಕುಂಡ ಬದಲಾವಣೆಯ ಕಾಲದ ಕುರಿತು ಪುಸ್ತಕಗಳು ಸಾಮಾನ್ಯವಾಗಿ ಹೂವು ಮುಗಿದ ಕೂಡಲೇ ವಸಂತದಲ್ಲಿ ಮಾಡಬೇಕೆಂದು ಹೇಳುತ್ತವೆ. ಇದು ತಂಪು ದೇಶಗಳಿಗೆ ಹೊಂದುವ ಮಾತು. ಸವದತ್ತಿ ಭಾಗದಲ್ಲಿ ವಸಂತವೆಂದರೆ ಒಣಗಾಳಿ ಮತ್ತು ಉರಿಬಿಸಿಲು. ಬೇರು ಕತ್ತರಿಸಿಕೊಂಡ ಸಸ್ಯ ಆ ಬಿಸಿಲಿನಲ್ಲಿ ನೀರು ಹೀರಲಾರದೆ ಬಾಡುತ್ತದೆ. ಹೂವು ಫೆಬ್ರವರಿಯ ಮೊದಲ ವಾರಗಳಲ್ಲೇ ಮುಗಿದರೆ ಆಗಲೇ ಕೆಲಸ ಮಾಡಬಹುದು. ತಡವಾದರೆ ಜೂನ್ ಕೊನೆಯವರೆಗೆ ಕಾಯಬೇಕು. ಮಳೆ ಹಿಡಿದು, ಗಾಳಿಯಲ್ಲಿ ತೇವ ಬಂದು, ಗಡ್ಡೆಯ ಬುಡದಲ್ಲಿ ಹೊಸ ಚಿಗುರು ಎರಡು ಅಂಗುಲದಷ್ಟಾಗಿ ಅದರಿಂದ ಬಿಳಿ ಬೇರು ಇಣುಕುವ ಸಮಯವೇ ಈ ಭಾಗಕ್ಕೆ ಅತ್ಯಂತ ಸುರಕ್ಷಿತ. ಒಂದು ಬಾರಿ ಬದಲಿಸಿದ ಕುಂಡ ಎರಡರಿಂದ ಮೂರು ವರ್ಷ ನಡೆಯುತ್ತದೆ. ಒಳಗಿನ ತುಂಡುಗಳು ಪುಡಿಯಾಗಿ ಹುಳಿವಾಸನೆ ಬಂದಿದ್ದರೆ ಮಾತ್ರ ಕಾಲ ನೋಡುತ್ತಾ ಕೂಡುವಂತಿಲ್ಲ. ನೆರಳಿನಲ್ಲಿಟ್ಟು ಕೂಡಲೇ ಬದಲಿಸಬೇಕು.

ಎರೆಮಣ್ಣನ್ನಾಗಲಿ, ಕೆಂಪುಮಣ್ಣನ್ನಾಗಲಿ ಹಿಡಿಯಷ್ಟೂ ಸೇರಿಸಬಾರದು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂತಹ ಬಿಳಿ ಹೊದಿಕೆಯಿರುತ್ತದೆ. ಅದು ಕ್ಷಣದಲ್ಲಿ ನೀರು ಹೀರಿಕೊಂಡು, ಬಳಿಕ ಗಾಳಿಯಾಡುತ್ತಾ ಒಣಗಬೇಕು. ಜೋಳಕ್ಕೂ ಹತ್ತಿಗೂ ವರವಾದ ಎರೆಮಣ್ಣಿನ ನೀರು ಹಿಡಿದಿಡುವ ಗುಣವೇ ಈ ಬೇರಿಗೆ ಮುಳುವಾಗುತ್ತದೆ. ಹೊರಗಡೆ ಬಳಸುವ ಪೈನ್ ತೊಗಟೆ ಇಲ್ಲಿ ಸುಲಭವಾಗಿ ಸಿಗದು. ಅದರ ಬದಲು ತೆಂಗಿನ ಸಿಪ್ಪೆಯ ಸಣ್ಣ ತುಂಡು ಎರಡು ಪಾಲು, ಕಟ್ಟಿಗೆಯ ಇದ್ದಿಲು ಒಂದು ಪಾಲು, ಹಳೆಯ ಹಂಚಿನ ಚೂರು ಒಂದು ಪಾಲು ಸೇರಿಸಿದರೆ ಸಾಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನ ಅಂಶವಿರುವುದರಿಂದ ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ ತೊಳೆಯಬೇಕು. ಬಣ್ಣ ಬಳಿಯದ ಮಣ್ಣಿನ ಕುಂಡವೇ ಉತ್ತಮ. ಹರವಿಯ ನೀರು ತಂಪಾಗುವ ರೀತಿಯಲ್ಲಿಯೇ ಅದರ ಗೋಡೆಯಿಂದ ತೇವ ಆವಿಯಾಗಿ ಬೇರಿನ ಸುತ್ತ ತಂಪು ಉಳಿಯುತ್ತದೆ.

ಬದಲಾವಣೆಯ ಹಿಂದಿನ ದಿನ ನೀರುಣಿಸಿದರೆ ಬೇರು ಮೆತ್ತಗಾಗಿ ಮುರಿಯುವುದು ಕಡಿಮೆ. ಕುಂಡವನ್ನು ಓರೆಯಾಗಿಸಿ ಸಸ್ಯವನ್ನು ಹೊರತೆಗೆಯಬೇಕು. ಬೇರು ಅಂಟಿಕೊಂಡಿದ್ದರೆ ಎಳೆದಾಡದೆ ಕುಂಡವನ್ನೇ ಒಡೆಯುವುದು ಮೇಲು. ಗಟ್ಟಿಯಾದ ಬಿಳಿ ಬೇರನ್ನು ಉಳಿಸಿ, ಹಿಸುಕಿದರೆ ಟೊಳ್ಳೆನಿಸುವ ಕಂದು ಬೇರನ್ನು ಕತ್ತರಿಸಬೇಕು. ಕತ್ತರಿಯನ್ನು ಪ್ರತಿ ಸಸ್ಯಕ್ಕೂ ಮೊದಲು ಬೆಂಕಿಯ ಜ್ವಾಲೆಗೆ ಹಿಡಿಯುವುದನ್ನು ಯಾರೂ ತಪ್ಪಿಸಬಾರದು. ಸಿಂಬಿಡಿಯಂಗೆ ತಗಲುವ ಮೊಸಾಯಿಕ್ ನಂಜುರೋಗ ಕತ್ತರಿಯ ಅಂಚಿನಲ್ಲಿ ಉಳಿದ ರಸದಿಂದಲೇ ಮತ್ತೊಂದಕ್ಕೆ ಹರಡುತ್ತದೆ, ಮತ್ತು ಅದಕ್ಕೆ ಔಷಧಿಯಿಲ್ಲ. ಸಸ್ಯವನ್ನು ಪಾಲು ಮಾಡುವುದಾದರೆ ಒಂದೊಂದು ಪಾಲಿನಲ್ಲಿ ಕನಿಷ್ಠ ಮೂರು ಗಡ್ಡೆಗಳಿರಲಿ. ನೆರೆಮನೆಯವರು ಕೇಳಿದರೆಂದು ಒಂದೊಂದೇ ಗಡ್ಡೆ ಹಂಚಿದರೆ ಯಾರ ಮನೆಯಲ್ಲಿಯೂ ಹಲವು ವರ್ಷ ಹೂವು ಕಾಣದು.

ಹೊಸ ಕುಂಡ ಎರಡು ವರ್ಷದ ಬೆಳವಣಿಗೆಗೆ ಸಾಲುವಷ್ಟೇ ದೊಡ್ಡದಿರಬೇಕು. ದೊಡ್ಡ ಕುಂಡದ ನಡುವೆ ತೇವ ಒಣಗದೆ ನಿಲ್ಲುತ್ತದೆ. ಹಳೆಯ ಗಡ್ಡೆ ಅಂಚಿಗೂ ಹೊಸ ಚಿಗುರು ನಡುವಿಗೂ ಬರುವಂತೆ ಕೂರಿಸಿ, ಗಡ್ಡೆಯ ಬುಡ ಮೇಲ್ಭಾಗದಲ್ಲಿಯೇ ಕಾಣುವಂತೆ ತುಂಡುಗಳನ್ನು ಸುತ್ತ ತುಂಬಬೇಕು. ಗಡ್ಡೆಯನ್ನು ಹೂಳಿದರೆ ಕೊಳೆಯುತ್ತದೆ. ಮೊದಲ ವಾರ ಎಲೆಗಳ ಮೇಲೆ ಮುಂಜಾನೆ ನೀರು ಚಿಮುಕಿಸಿದರೆ ಸಾಕು. ಕತ್ತರಿಸಿದ ಗಾಯ ಮಾಗಿದ ಬಳಿಕ ನೀರುಣಿಸುವುದನ್ನು ಆರಂಭಿಸಬೇಕು. ಗೊಬ್ಬರಕ್ಕೆ ಒಂದು ತಿಂಗಳು ಅವಸರ ಬೇಡ. ಆ ನಂತರವೂ ರೈತರ ಮನೆಯಲ್ಲಿ ಹೇಗೂ ಇರುವ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಯಥೇಷ್ಟ. ಬೆಳೆಗೆ ಸಿಂಪಡಿಸುವ ಪ್ರಮಾಣದಲ್ಲಿ ಕೊಟ್ಟರೆ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ.

ಕೊಳವೆ ಬಾವಿಯ ಗಡುಸು ನೀರು ಮತ್ತೊಂದು ತೊಡಕು. ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಂಡರೆ ಲವಣ ಕೂಡುತ್ತಿದೆಯೆಂದು ಅರ್ಥ. ಮಾಳಿಗೆಯ ಮಳೆನೀರನ್ನು ಒಂದೆರಡು ಪೀಪಾಯಿಗಳಲ್ಲಿ ಮುಚ್ಚಿಟ್ಟುಕೊಂಡರೆ ನಾಲ್ಕಾರು ಕುಂಡಗಳಿಗೆ ಹಲವು ವಾರ ಸಾಕಾಗುತ್ತದೆ. ಸೊಳ್ಳೆ ಸೇರದಂತೆ ಬಟ್ಟೆ ಬಿಗಿಯುವುದು ಕಡ್ಡಾಯ.

ಬೇಸಿಗೆಯಲ್ಲಿ ಹಳೆಯ ಮಣ್ಣುಗೋಡೆಯ ಮನೆಗಳು ಕಾಂಕ್ರೀಟ್ ಛಾವಣಿಯ ಮನೆಗಳಿಗಿಂತ ಈ ಸಸ್ಯಗಳಿಗೆ ಹೆಚ್ಚು ಹಿತ. ಕಾಂಕ್ರೀಟ್ ಛಾವಣಿ ಹಗಲು ಹೀರಿದ ಬಿಸಿಯನ್ನು ರಾತ್ರಿಯಿಡೀ ಹೊರಬಿಡುತ್ತದೆ. ಅದರ ಮೇಲಾಗಲಿ, ಅದಕ್ಕೆ ತಾಗಿದ ಗೋಡೆಯ ಬಳಿಯಾಗಲಿ ಕುಂಡ ಇಡುವುದು ಸಲ್ಲದು. ಉತ್ತರ ಅಥವಾ ಪೂರ್ವದ ಹಿತ್ತಲಿನಲ್ಲಿ, ಬೇವಿನ ಮರದ ನೆರಳಿನಲ್ಲಿ, ಹಸಿ ಮರಳು ತುಂಬಿದ ತಟ್ಟೆಯ ಮೇಲೆ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡವಿರಿಸಿ, ಪಕ್ಕದಲ್ಲಿ ಒದ್ದೆ ಗೋಣಿತಟ್ಟು ತೂಗುಬಿಡಬೇಕು. ಮಾರ್ಚ್, ಏಪ್ರಿಲ್ ತಿಂಗಳ ಗಾಳಿ ಒಣಗಿರುವುದರಿಂದ ಈ ಉಪಾಯ ಕರಾವಳಿಗಿಂತ ಇಲ್ಲಿ ಹೆಚ್ಚು ಫಲಕಾರಿ.

ಇಷ್ಟು ಶ್ರಮ ಬೇಡವೆನ್ನುವವರಿಗೆ ಸಿಕ್ಕಿಂ ರಾಜ್ಯದ ಪುಷ್ಪವಾದ ಡೆಂಡ್ರೋಬಿಯಂ ನೋಬಿಲೆ ಹೊಂದುತ್ತದೆ. ಬೇಸಿಗೆಯ ಬಿಸಿಯನ್ನು ತಾಳುವ ಈ ಸಸ್ಯ ಹೂವಿಗಾಗಿ ಕೇಳುವುದು ಚಳಿಗಾಲದಲ್ಲಿ ತಂಪು ಮತ್ತು ಒಣ ವಿಶ್ರಾಂತಿಯನ್ನು ಮಾತ್ರ. ನವೆಂಬರಿನಿಂದ ಮೊಗ್ಗು ಕಾಣುವವರೆಗೆ ನೀರನ್ನು ತೀರ ಕಡಿಮೆ ಮಾಡಿದರೆ ಆಯಿತು. ಪಶ್ಚಿಮಘಟ್ಟದ ಸೀತಾಳೆ ದಂಡೆಯೂ ಸೆಕೆಯನ್ನು ಸಹಿಸುತ್ತದೆ. ಆದರೆ ಖಾನಾಪುರ, ಕಣಕುಂಬಿ ಭಾಗದ ಕಾಡಿನ ಮರಗಳಿಂದ ಅದನ್ನು ಕಿತ್ತು ತರುವಂತಿಲ್ಲ. ಮೀಸಲು ಅರಣ್ಯದಿಂದ ಸಸ್ಯ ತೆಗೆಯುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕಾರ ಅಪರಾಧ. ಭೀಮಗಡ ವನ್ಯಜೀವಿಧಾಮದೊಳಗೆ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ಕೂಡ ಅನ್ವಯಿಸುತ್ತದೆ. ಸಂತೆಯಲ್ಲಿ ಮರದ ಕೊಂಬೆಯ ಸಮೇತ ಮಾರಲು ಬಂದ ಸಸ್ಯವನ್ನೂ ಕೊಳ್ಳಬಾರದು. ನರ್ಸರಿಯಲ್ಲಿ ಬೆಳೆಸಿದ ಸಸ್ಯವನ್ನು ರಸೀದಿಯೊಂದಿಗೆ ಪಡೆಯಬೇಕು. ಹೆಚ್ಚಿನ ತಾಂತ್ರಿಕ ಸಲಹೆಗೆ ಸಾರ್ವಜನಿಕರು ಸವದತ್ತಿಯ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವನ್ನು ವಿಚಾರಿಸಬಹುದು. ಹೋಗುವಾಗ ರೋಗ ತಗುಲಿದ ಎಲೆ ಮತ್ತು ಬೇರಿನ ತುಂಡನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ದಾರಿಯಲ್ಲಿಯೇ ಕೊಳೆತು ರೋಗವನ್ನು ಗುರುತಿಸುವುದು ಕಷ್ಟವಾಗುತ್ತದೆ.