ಪೇಪರಿನಲ್ಲಿ ಬಂತು, ಕೈಗೆ ಬರಲಿಲ್ಲ!

251 ರೂಪಾಯಿಗೆ ಒಂದು ಸ್ಮಾರ್ಟ್ ಫೋನು! 2016ರ ಫೆಬ್ರವರಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ಟೀ ಅಂಗಡಿ ಬೆಂಚಿನ ಮೇಲೆ ಎಲ್ಲೆಲ್ಲೂ ಇದೇ ಮಾತು. ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪನಿ, ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ‘ಫ್ರೀಡಂ 251’ ಅಂತ ಫೋನಿಗೆ ಹೆಸರು. ಅಂಗಡಿ ಗಿಂಗಡಿ ಏನೂ ಇಲ್ಲ, ವೆಬ್‌ಸೈಟಿನಲ್ಲೇ ಬುಕ್ ಮಾಡಬೇಕು. ಪಾರ್ಸೆಲ್ ಖರ್ಚು 40 ರೂಪಾಯಿ ಬೇರೆ.

ದೊಡ್ಡ ಪೇಪರುಗಳಲ್ಲಿ ಪುಟ ತುಂಬ ಜಾಹೀರಾತು. ದಿಲ್ಲಿಯಲ್ಲಿ ಬಿಡುಗಡೆ ಸಮಾರಂಭ, ವೇದಿಕೆ ಮೇಲೆ ಹಿರಿಯ ಸಂಸದರು. ಟಿ.ವಿ.ಯವರು ಬಿಡುತ್ತಾರೆಯೇ? ಹೊಸ ವ್ಯಾಪಾರ ಇಟ್ಟವರು ಕನಸಿನಲ್ಲಿ ಕಾಣುವಂಥ ಪ್ರಚಾರ ಒಂದೇ ದಿನದಲ್ಲಿ ಸಿಕ್ಕಿತು.

ಫೆಬ್ರವರಿ 18, ಗುರುವಾರ ಬೆಳಿಗ್ಗೆ ಆರಕ್ಕೆ ಬುಕಿಂಗ್ ಶುರು. ಜನ ನುಗ್ಗಿದ ರಭಸಕ್ಕೆ ವೆಬ್‌ಸೈಟ್ ಅವತ್ತೇ ಮಲಗಿತು. ಅಮೇಲೆ ಕಂಪನಿ ಹೇಳಿದ ಲೆಕ್ಕ ಕೇಳಿ: ಏಳು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರಂತೆ! ನಮ್ಮ ರಾಜ್ಯದ ಜನರೆಲ್ಲ, ಹಾಲು ಕುಡಿಯುವ ಮಗುವೂ ಸೇರಿ, ಒಂದೊಂದು ಫೋನು ಕೇಳಿದ ಹಾಗಾಯಿತು.

ಅಷ್ಟು ಹೊತ್ತಿಗೆ ಅದೇ ಪೇಪರಿನವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಸ್ಯಾಂಪಲ್ ಫೋನಿನ ಮೇಲೆ ಬಿಳಿ ಬಣ್ಣ ಬಳಿದಿತ್ತು, ಕೆರೆದರೆ ಒಳಗೆ ‘ಆಡ್‌ಕಾಂ’ ಎಂಬ ಬೇರೆ ಕಂಪನಿಯ ಹೆಸರು. ಈ ಬೆಲೆಗೆ ಫೋನು ಮಾರುವುದು ಸಾಧ್ಯವೇ ಇಲ್ಲ ಎಂದು ಮೊಬೈಲ್ ಉದ್ಯಮದವರ ಸಂಘ ಕೇಂದ್ರ ಮಂತ್ರಿಗೇ ಪತ್ರ ಬರೆಯಿತು. ಮೊದಲು ದುಡ್ಡು ಕಟ್ಟಿದ 30,000 ಜನರಿಗೆ ಕಂಪನಿ ಹಣ ವಾಪಸು ಎಂದಿತು. ಮುಂದೆ ಕೆಲವು ಸಾವಿರ ಫೋನು ಹಂಚಿದ್ದೇವೆ ಅಂತಲೂ ಹೇಳಿಕೊಂಡಿತು. ಏಳು ಕೋಟಿಯ ಮುಂದೆ ಅದು ಅರೆಕಾಸಿನ ಮಜ್ಜಿಗೆ.

251 ರೂಪಾಯಿಯ ಗಿರಾಕಿ ಹೇಗೋ ಬದುಕಿಕೊಂಡ. ಸಿಕ್ಕಿಬಿದ್ದವರು ವ್ಯಾಪಾರಿಗಳು. ಘಾಜಿಯಾಬಾದಿನ ಒಂದು ವಿತರಕ ಸಂಸ್ಥೆಯವರು, 30 ಲಕ್ಷ ಕೊಟ್ಟಿದ್ದೇವೆ, ಅದರಲ್ಲಿ ಅರ್ಧದಷ್ಟೂ ವಾಪಸು ಬಂದಿಲ್ಲ ಎಂದು ದೂರು ಕೊಟ್ಟರು. 2017ರ ಫೆಬ್ರವರಿಯಲ್ಲಿ, ಸರಿಯಾಗಿ ವರ್ಷಕ್ಕೆ, ಪೊಲೀಸರು ಕಂಪನಿಯ ನಿರ್ದೇಶಕನನ್ನು ಹಿಡಿದುಕೊಂಡು ಹೋದರು. ಆ ಸುದ್ದಿಯೂ ಎಲ್ಲ ಪೇಪರಿನಲ್ಲಿ ಬಂತು. ಅದಕ್ಕೆ ಜಾಹೀರಾತಿನ ದುಡ್ಡು ಕೊಡಬೇಕಾಗಲಿಲ್ಲ!

ಹಳೇ ಕಥೆ ಈಗ ಯಾಕೆ ಅಂತೀರಾ? ಇವತ್ತು ಹಪ್ಪಳ, ಕಾಫಿ ಪುಡಿ, ಸೀರೆ ಮಾರುವವರೂ ಆನ್‌ಲೈನ್ ಅಂಗಡಿ ತೆರೆಯುತ್ತಿದ್ದಾರೆ. ತೆರೆದ ವಾರದೊಳಗೆ ಒಂದು ಫೋನು ಬರುತ್ತದೆ. “ಸಾರ್, ನಿಮ್ಮ ಸುದ್ದಿ ನ್ಯಾಷನಲ್ ಪೇಪರ್‌ಗಳಲ್ಲಿ ಹಾಕಿಸ್ತೀವಿ. ಪ್ಯಾಕೇಜ್ ಇದೆ.” ದುಡ್ಡು ಕಟ್ಟಿದರೆ ಹಾಕಿಸುತ್ತಾರೆ, ಸುಳ್ಳಲ್ಲ. ಆದರೆ ಅದು ಕಾಣುವುದು ಪೇಪರಿನ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ. ಕೆಳಗೆ ಇರುವೆ ಗಾತ್ರದ ಅಕ್ಷರ: ‘ಇದರ ವಿಷಯಕ್ಕೆ ಸಂಪಾದಕೀಯ ವಿಭಾಗ ಹೊಣೆಯಲ್ಲ’. ವರದಿಗಾರ ಅಂಗಡಿಗೆ ಬಂದಿರುವುದಿಲ್ಲ, ಹಪ್ಪಳ ತಿಂದಿರುವುದಿಲ್ಲ. ದುಡ್ಡು ಕೊಟ್ಟು ಬರೆಸುವ ಈ ಪೀಡೆಯ ಬಗ್ಗೆ ಪ್ರೆಸ್ ಕೌನ್ಸಿಲ್ 2010ರಲ್ಲೇ ವರದಿ ಕೊಟ್ಟಿತ್ತು. ಅದು ಚುನಾವಣೆ ಸುದ್ದಿಯ ಬಗ್ಗೆ ಹೆಚ್ಚು. ಅಂಗಡಿಯವರ ಗೋಳು ಕೇಳುವವರು ಯಾರು?

ದುಡ್ಡು ಕೊಡದೆ ಸುದ್ದಿಯಾದವನೂ ಒಬ್ಬನಿದ್ದಾನೆ. ಇಂಗ್ಲೆಂಡಿನ ಅಲೆಕ್ಸ್ ಟ್ಯೂ, ಆಗ 21ರ ಹುಡುಗ. ಕಾಲೇಜು ಫೀಸಿಗೆ ದಾರಿ ಹುಡುಕುತ್ತಿದ್ದ. 2005ರ ಆಗಸ್ಟಿನಲ್ಲಿ ಒಂದು ವೆಬ್ ಪುಟ ತೆರೆದು, ಅದರ ಹತ್ತು ಲಕ್ಷ ಚುಕ್ಕಿಗಳನ್ನು ಚುಕ್ಕಿಗೆ ಒಂದು ಡಾಲರಿನಂತೆ ಜಾಹೀರಾತಿಗೆ ಮಾರಲು ಕೂತ. ಮೊದಲ ಗಿರಾಕಿಗಳು ಸ್ನೇಹಿತರು, ಮನೆಯವರು. ಆ ದುಡ್ಡಿನಲ್ಲಿ ಪತ್ರಿಕೆಗಳಿಗೆ ಪ್ರಕಟಣೆ ಕಳಿಸಿದ. ಬಿ.ಬಿ.ಸಿ. ಸುದ್ದಿ ಮಾಡಿತು, ಅಲ್ಲಿಂದ ಊರೆಲ್ಲ ಹಬ್ಬಿತು. 2006ರ ಜನವರಿಗೆ ಹತ್ತು ಲಕ್ಷ ಡಾಲರ್ ದಾಟಿತು! ‘ಹೊಸ ಅಂಗಡಿ ತೆರೆದಿದೆ, ದಯವಿಟ್ಟು ಹಾಕಿ’ ಎಂದಿದ್ದರೆ ಬಿ.ಬಿ.ಸಿ.ಯವರು ತಿರುಗಿಯೂ ನೋಡುತ್ತಿರಲಿಲ್ಲ. ಹುಡುಗ ಫೀಸಿಗೆ ಚುಕ್ಕಿ ಮಾರುತ್ತಿದ್ದಾನೆ ಎಂಬುದು ಸುದ್ದಿ. ಪೇಪರಿನವರಿಗೆ ಬೇಕಾದದ್ದು ಅದೇ.

ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಎರಡನ್ನೂ ಕಂಡಿದೆ. 2014ರ ಅಕ್ಟೋಬರ್ 6ರಂದು ಪುಟಗಟ್ಟಲೆ ಜಾಹೀರಾತು ಕೊಟ್ಟು ‘ಬಿಗ್ ಬಿಲಿಯನ್ ಡೇ’ ಮಾಡಿತು. ಹತ್ತು ತಾಸಿನಲ್ಲಿ 600 ಕೋಟಿ ವ್ಯಾಪಾರ ಎಂದಿತು. ವೆಬ್‌ಸೈಟ್ ತಡೆಯಲಿಲ್ಲ, ಆರ್ಡರುಗಳು ರದ್ದಾದವು, ಮಾರನೇ ದಿನ ಸ್ಥಾಪಕರಿಬ್ಬರೂ ಗಿರಾಕಿಗಳಿಗೆ ಕ್ಷಮೆ ಕೇಳಿ ಪತ್ರ ಬರೆದರು. ಅಷ್ಟು ದೊಡ್ಡ ಕಂಪನಿಯ ಗತಿಯೇ ಹೀಗಾದರೆ, ದಿನಕ್ಕೆ ಇಪ್ಪತ್ತು ಡಬ್ಬಿ ಉಪ್ಪಿನಕಾಯಿ ಕಟ್ಟುವವರ ಮನೆಗೆ ಒಂದೇ ದಿನ ಎರಡು ಸಾವಿರ ಆರ್ಡರು ಬಂದರೆ ಮಾವಿನಕಾಯಿ ಎಲ್ಲಿಂದ ತರುವುದು?

2007ರಲ್ಲಿ ಕೋರಮಂಗಲದ ಮನೆಯೊಂದರಲ್ಲಿ ಪುಸ್ತಕ ಮಾರಲು ಕೂತಾಗ ಇದೇ ಇಬ್ಬರನ್ನು ಕೇಳುವವರಿರಲಿಲ್ಲ. ಪುಸ್ತಕದಂಗಡಿಗಳ ಮುಂದೆ ನಿಂತು, ಬಂದು ಹೋಗುವವರ ಕೈಗೆ ತಾವೇ ಬುಕ್‌ಮಾರ್ಕ್ ಚೀಟಿ ಹಂಚಿದರು. ಮೊದಲ ಆರ್ಡರ್ ಬಂದದ್ದು ಆಂಧ್ರದ (ಈಗ ತೆಲಂಗಾಣ) ಮಹಬೂಬ್‌ನಗರದಿಂದ. ಕೇಳಿದ ಪುಸ್ತಕ ಕೈಯಲ್ಲಿರಲಿಲ್ಲ. ಬೆಂಗಳೂರಿನ ಅಂಗಡಿ ಅಂಗಡಿ ಅಲೆದು, ಒಂದು ಪ್ರತಿ ಹುಡುಕಿ ಕಳಿಸಿದರು.