ದೊಡ್ಡ ದೂರದರ್ಶಕಕ್ಕೆ ತಕ್ಕ ನೆಲೆ

ತುಮಕೂರಿನ ಸಮೀಪದ ದೇವರಾಯನದುರ್ಗವು ಸಮುದ್ರಮಟ್ಟಕ್ಕಿಂತ ಸುಮಾರು 3,900 ಅಡಿ ಎತ್ತರದಲ್ಲಿದೆ. ಗುಬ್ಬಿ, ಕುಣಿಗಲು ಕಡೆಯ ವಾಚಕರಿಗೂ ಅದು ಪರಿಚಿತವಾದ ಬೆಟ್ಟವೇ. ಇಂತಹ ಎತ್ತರದ ಸ್ಥಳವಿರುವಾಗ ನಕ್ಷತ್ರಗಳನ್ನು ನೋಡುವ ದೊಡ್ಡ ದೂರದರ್ಶಕವನ್ನು ಇಲ್ಲಿಯೇ ಏಕೆ ಸ್ಥಾಪಿಸಬಾರದೆಂಬ ಪ್ರಶ್ನೆಯು ಯಾರಿಗಾದರೂ ಹುಟ್ಟಬಹುದು. ಅದಕ್ಕೆ ಉತ್ತರವನ್ನು ಕೊಡೈಕನಾಲಿನಿಂದ ಆರಂಭಿಸುವುದು ಲೇಸು.

ಕೊಡೈಕನಾಲಿನ ವೇಧಶಾಲೆಯು ಸುಮಾರು 7,700 ಅಡಿ ಎತ್ತರದಲ್ಲಿದ್ದು, ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. 1960ರಲ್ಲಿ ಅದರ ಮುಖ್ಯಸ್ಥರಾದ ವೈನು ಬಾಪು ಅವರು ರಾತ್ರಿಯ ಆಕಾಶಕ್ಕಾಗಿ ಬೇರೊಂದು ನೆಲೆಯನ್ನು ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. ಅದರ ಎತ್ತರವು ಸುಮಾರು 2,400 ಅಡಿ ಮಾತ್ರ! ಎತ್ತರವೊಂದನ್ನೇ ನೋಡುವುದು ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ನೆಲೆಯನ್ನು ಅರಸುವವರು ಮೊದಲು ಎಣಿಸುವುದು ಮೋಡವಿಲ್ಲದ ರಾತ್ರಿಗಳನ್ನು. ಎರಡನೆಯದು ಕತ್ತಲೆ. ಮೂರನೆಯದು ವಾಯುವಿನ ನಿಶ್ಚಲತೆ. ಕಾದ ಕಾವಲಿಯ ಮೇಲಿನ ಗಾಳಿಯ ಮೂಲಕ ನೋಡಿದರೆ ಆಚೆಯ ಗೋಡೆಯು ಅಲುಗಿದಂತೆ ತೋರುವುದನ್ನು ಗೃಹಿಣಿಯರು ಬಲ್ಲರು. ಬಿಸಿ ಮತ್ತು ತಣ್ಣನೆಯ ವಾಯುಪದರಗಳು ಬೆರೆಯುವಾಗ ನಕ್ಷತ್ರದ ಬೆಳಕೂ ಹಾಗೆಯೇ ಅಲುಗುತ್ತದೆ. ಬರಿಗಣ್ಣಿಗೆ ಅದು ಸೊಗಸಾದ ಮಿನುಗು. ದೂರದರ್ಶಕದಲ್ಲಿ ಮಾತ್ರ ಬಿಂಬವು ಕದಡಿಹೋಗುತ್ತದೆ.

ಕಾವಲೂರು ಭೂಮಧ್ಯರೇಖೆಗೆ ಸಮೀಪವಾದುದರಿಂದ ದಕ್ಷಿಣದ ನಕ್ಷತ್ರಗಳಲ್ಲಿ ಬಹುಪಾಲು ಅಲ್ಲಿಗೆ ಗೋಚರಿಸುತ್ತವೆ. 1968ರಲ್ಲಿ ಅಲ್ಲಿ ಸಣ್ಣ ದೂರದರ್ಶಕವೊಂದು ಕೆಲಸವನ್ನಾರಂಭಿಸಿತು. 2.34 ಮೀಟರ್ ವ್ಯಾಸದ ದರ್ಪಣವುಳ್ಳ ದೊಡ್ಡದು 1986ರಲ್ಲಿ ಉದ್ಘಾಟಿತವಾಯಿತು. ಬಾಪು ಅವರು 1982ರಲ್ಲಿಯೇ ತೀರಿಕೊಂಡಿದ್ದರು. ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು.

ಆದರೂ ಮಳೆಗಾಲದ ಮೋಡಗಳು ಕಾವಲೂರನ್ನೂ ಬಿಡವು. ಆದುದರಿಂದ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಲಡಾಖಿನ ಹಾನ್ಲೆಗೆ ಹೋದರು. ಅದು ಸುಮಾರು 4,500 ಮೀಟರ್ ಎತ್ತರದ ಶೀತಮರುಭೂಮಿ. ಮಳೆ ಅತ್ಯಲ್ಪ, ವಾಯುವಿನಲ್ಲಿ ತೇವವೂ ಅತ್ಯಲ್ಪ. 2000ದಲ್ಲಿ ಅಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವು ಕಣ್ಣು ತೆರೆಯಿತು. ಅಲ್ಲಿಯ ಚಳಿಯೂ ತೆಳುವಾದ ಗಾಳಿಯೂ ಮನುಷ್ಯರಿಗೆ ಕಷ್ಟಕರವಾದುದರಿಂದ, ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತೇ ಅದನ್ನು ನಡೆಸುವ ಏರ್ಪಾಡಾಯಿತು.

ಇನ್ನು ದೇವರಾಯನದುರ್ಗದ ಮಾತು. ಅಲ್ಲಿ ಮುಂಗಾರಿನ ಮೋಡಗಳುಂಟು. ಕೆಳಗೆ ತುಮಕೂರಿನ ದೀಪಗಳುಂಟು. ಮೋಡವನ್ನು ತಡೆಯುವುದು ನಮ್ಮ ಕೈಲಿಲ್ಲ. ದೀಪವು ನಮ್ಮ ಕೈಲಿದೆ. ಹಾನ್ಲೆಯ ಸುತ್ತಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಗೊತ್ತುಪಡಿಸಿದುದು ಇದಕ್ಕಾಗಿಯೇ. ಭಾರಿ ದೂರದರ್ಶಕವನ್ನು ಒಮ್ಮೆ ನಿಲ್ಲಿಸಿದ ಮೇಲೆ ಎತ್ತಿ ಬೇರೆಡೆಗೆ ಒಯ್ಯುವುದು ಸುಲಭವಲ್ಲ. ಅಂಗಳದ ದೀಪಕ್ಕೊಂದು ಮರೆ ಕಟ್ಟಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡುವುದು ಎಲ್ಲರಿಗೂ ಸುಲಭ. ಹಾಗೆ ಮಾಡಿದರೆ ನಮ್ಮ ಊರುಗಳ ಮಕ್ಕಳಿಗೆ ಇನ್ನಷ್ಟು ನಕ್ಷತ್ರಗಳಾದರೂ ಮನೆಯಂಗಳದಿಂದಲೇ ಕಂಡಾವು.