ದೊಡ್ಡ ಕಾರ್ಖಾನೆಯೊಳಗಿನ ಕೆಲಸ

ನಮ್ಮ ಊರಿನ ಕಡೆ ಯಾರಿಗಾದರೂ ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಕೆಲಸವಾಯಿತೆಂದರೆ ಕೇಳಿದವರು ಒಡನೆಯೇ ಹಾಕುವ ಪ್ರಶ್ನೆಗಳು ಎರಡು: ಸಂಬಳ ಎಷ್ಟು, ಕೆಲಸ ಕಾಯಮ್ಮೋ ಅಲ್ಲವೋ. ಅಲ್ಲಿಗೆ ಹೋಗಿ ಆತ ದಿನವಿಡೀ ಮಾಡುವುದೇನು ಎಂದು ವಿಚಾರಿಸಿದವರನ್ನು ನಾನು ಕಂಡಿಲ್ಲ. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗಂತೂ ಆ ಲೋಕ ಎತ್ತರದ ಗೋಡೆಯ ಆಚೆಯದು. ನನ್ನ ಸೋದರಮಾವನವರು ಬೆಂಗಳೂರಿನ ಒಂದು ದೊಡ್ಡ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ 38 ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ದೊಡ್ಡಮ್ಮನ ಮಗ, ನಮ್ಮಣ್ಣ, ಅದೇ ಕಾರ್ಖಾನೆಯಲ್ಲಿ ಈಗ ಗುತ್ತಿಗೆದಾರನ ಮೂಲಕ ದುಡಿಯುತ್ತಿದ್ದಾನೆ. ಇವರಿಬ್ಬರಿಂದ ಕೇಳಿ ತಿಳಿದುದನ್ನೂ, ಆಯುಧಪೂಜೆಯ ದಿನ ಮನೆಯವರನ್ನು ಒಳಗೆ ಬಿಟ್ಟಾಗ ನಾನೇ ಕಂಡುದನ್ನೂ ಇಲ್ಲಿ ಬರೆಯುತ್ತೇನೆ. ಕಾರ್ಖಾನೆಯ ಹೆಸರು ಬೇಡ.

ಬೆಂಗಳೂರಿಗೆ ಇಂತಹ ಕಾರ್ಖಾನೆಗಳು ಬಂದ ಕಥೆ ಬಲು ಹಳೆಯದೇನೂ ಅಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿದವು. ಇವುಗಳ ಸುತ್ತ ವಸತಿಗೃಹ, ಶಾಲೆ, ಕಾರ್ಖಾನೆಯ ಬಸ್ಸು, ಕನ್ನಡ ಸಂಘ, ರಾಜ್ಯೋತ್ಸವದ ನಾಟಕ ಎಲ್ಲವೂ ಬೆಳೆದವು. ಸಂಬಳದ ಪ್ರಶ್ನೆಯ ಮೇಲೆ 1980ರ ಡಿಸೆಂಬರಿನಲ್ಲಿ ಆರಂಭವಾದ ಮುಷ್ಕರ 77 ದಿನ ನಡೆಯಿತು. ಎಚ್.ಎಂ.ಟಿ. ಕೈಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಮಾವನವರದು ಈ ಸಾಲಿಗೆ ಸೇರದ ಖಾಸಗಿ ಕಾರ್ಖಾನೆ. ಬೇರೆಯವರ ಯಂತ್ರಗಳಿಗೆ ಬೇಕಾಗುವ ಗೇರು, ಶಾಫ್ಟುಗಳನ್ನು ಮಾಡಿಕೊಡುತ್ತದೆ.

ಅಲ್ಲಿನ ಭಾಷೆಯೇ ಬೇರೆ. ಕೆಲಸದ ದೊಡ್ಡ ಕಟ್ಟಡಕ್ಕೆ ‘ಶಾಪ್’ ಎನ್ನುತ್ತಾರೆ. ಮಗ ‘ಮೆಷಿನ್ ಶಾಪಿ’ನಲ್ಲಿದ್ದಾನೆಂದು ಕೇಳಿದ ನಮ್ಮಜ್ಜಿ ಅವನಿಗೆ ಬೆಂಗಳೂರಿನಲ್ಲಿ ಅಂಗಡಿಯಿದೆಯೆಂದೇ ಬಹುಕಾಲ ನಂಬಿದ್ದರಂತೆ, ಊರಿನ ಒಬ್ಬಿಬ್ಬರು ಪಂಪುಸೆಟ್ಟು ಕಡಿಮೆ ಬೆಲೆಗೆ ಸಿಕ್ಕೀತೇ ಎಂದು ಅವರ ಬಳಿ ಶಿಫಾರಸಿಗೂ ಬಂದಿದ್ದರು. ಯಂತ್ರಕ್ಕೆ ಕಚ್ಚಿಸಿ ಕಡೆಯುವ ಕಬ್ಬಿಣದ ತುಂಡಿಗೆ ‘ಜಾಬ್’ ಎಂದು ಹೆಸರು. ನಮಗೆ ಜಾಬ್ ಎಂದರೆ ಸಿಗಬೇಕಾದ ನೌಕರಿ. ಅವರಿಗೆ ಅದು ಕೈಯಲ್ಲಿರುವ ತುಂಡು.

ಕೆಲಸದ ಜೀವಾಳವೆಲ್ಲ ಅಳತೆಯಲ್ಲಿದೆ. ಒಂದು ಶಾಫ್ಟಿನ ವ್ಯಾಸ 100 ಮಿಲಿಮೀಟರ್ ಇರಬೇಕೆಂದು ಡ್ರಾಯಿಂಗಿನಲ್ಲಿ ಬರೆದಿದೆ ಎನ್ನೋಣ. ಸರಿಯಾಗಿ 100 ಬರುವಂತೆ ಯಾರಿಂದಲೂ ಕಡೆಯಲಾಗದು ಎಂಬುದು ಡ್ರಾಯಿಂಗ್ ಬರೆದವನಿಗೂ ಗೊತ್ತು. ಆದ್ದರಿಂದ ಪಕ್ಕದಲ್ಲಿ ಸಣ್ಣ ಅಂಕಿಗಳಲ್ಲಿ 0.02 ಹೆಚ್ಚಾದರೂ ಆದೀತು, 0.02 ಕಡಿಮೆಯಾದರೂ ಆದೀತು ಎಂದು ರಿಯಾಯಿತಿ ಕೊಟ್ಟಿರುತ್ತಾನೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 0.05ರಿಂದ 0.1 ಮಿಲಿಮೀಟರ್, ಎಂದ ಮೇಲೆ ಆ ರಿಯಾಯಿತಿ ಎಷ್ಟರದೆಂದು ಊಹಿಸಬಹುದು. ಇದನ್ನು ಕಣ್ಣಿನಿಂದ ಕಾಣುವಂತಿಲ್ಲ. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ತೋರಿಸುವ ಮೈಕ್ರೋಮೀಟರನ್ನು ಹಿಡಿದು, ಅದರ ತಿರುಪು ಬಿಗಿಯಾಗುವುದನ್ನು ಬೆರಳಿನಿಂದಲೇ ಅರಿಯಬೇಕು. ಬಲವಾಗಿ ತಿರುಗಿಸಿದರೆ ಅಳತೆ ಸುಳ್ಳು ಹೇಳುತ್ತದೆ.

ಶಾಫ್ಟು ದಪ್ಪವಾಗಿದ್ದರೆ ಚಿಂತೆಯಿಲ್ಲ, ಇನ್ನೊಂದು ಸಾರಿ ಹೆರೆಯಬಹುದು. ತೆಳುವಾಯಿತೋ, ಅಷ್ಟು ಹೊತ್ತಿನ ದುಡಿಮೆಯೂ ಉಕ್ಕೂ ಗುಜರಿಗೆ. ರಂಧ್ರ ಕೊರೆಯುವವನಿಗೆ ಇದೇ ಮಾತು ತಿರುವುಮುರುವು. ಆದಕಾರಣ ಮೊದಲ ಐದಾರು ಸುತ್ತಿನ ಕಡೆತವನ್ನು ಮಾತಾಡುತ್ತಲೇ ಮಾಡಿ ಮುಗಿಸುವ ಮನುಷ್ಯ ಕೊನೆಯ ಸುತ್ತಿಗೆ ಬಂದಾಗ ಮಾತು ನಿಲ್ಲಿಸುತ್ತಾನೆ. ಇದಕ್ಕೆ ಬಿಸಿಯ ಕಾಟ ಬೇರೆ. ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ 100 ಮಿಲಿಮೀಟರಿಗೆ ಸುಮಾರು 0.012ರಷ್ಟು ಹಿಗ್ಗುತ್ತದೆ. ಕಡೆದ ಕೂಡಲೆ ಅಳೆದು ‘ಸರಿಯಾಗಿದೆ’ ಎಂದುಕೊಂಡರೆ, ತಣ್ಣಗಾದ ಮೇಲೆ ಅದು ತೆಳುವಾಗಿರುತ್ತದೆ. ಅಳತೆಗೆಂದು ಲೋಕವೆಲ್ಲ ಒಪ್ಪಿರುವ ಉಷ್ಣತೆ 20 ಡಿಗ್ರಿ. ತಪಾಸಣೆಯ ಕೋಣೆಯನ್ನು ಅದಕ್ಕಾಗಿ ತಂಪಾಗಿಟ್ಟಿದ್ದಾರೆ. ಶಾಪಿನಲ್ಲಿ ಬೆವರುವ ಮನುಷ್ಯರಿಗಿಲ್ಲದ ತಂಪು ಅಲ್ಲಿ ಕಬ್ಬಿಣದ ತುಂಡಿಗಿದೆ!

ಹಾಗೆಂದು ಇದು ಸದಾ ರೋಮಾಂಚಕಾರಿಯಾದ ಕೆಲಸವೆಂದು ಯಾರೂ ಭಾವಿಸಬಾರದು. ಅದೇ ಶಾಫ್ಟು, ಅದೇ ಅಳತೆ, ಪಾಳಿ ಮುಗಿಯುವವರೆಗೂ ಅದೇ. ಮೂರು ವಾರಕ್ಕೊಮ್ಮೆ ರಾತ್ರಿಪಾಳಿ. ನಿಂತು ನಿಂತು ಮಾವನವರ ಕಾಲಿನ ನರಗಳು ಗಂಟುಗಟ್ಟಿವೆ. ತಾವು ಕಡೆದ ಶಾಫ್ಟನ್ನು ಕೂರಿಸಿದ ಇಡೀ ಯಂತ್ರವನ್ನು ಅವರು ಒಮ್ಮೆಯೂ ನೋಡಲಿಲ್ಲ. ‘ಬೇಜಾರಾಗುತ್ತಿರಲಿಲ್ಲವೇ ಮಾವ?’ ಎಂದು ಕೇಳಿದೆ. ‘ಆಗುತ್ತಿತ್ತು ಕಣಪ್ಪ. ಆದರೆ ನನ್ನ ಜಾಬ್ ವಾಪಸು ಬರುತ್ತಿರಲಿಲ್ಲ’ ಎಂದರು.

ವಾಪಸು ಬಂದರೆ ಅದು ಯಾರದೆಂದು ತಿಳಿಯುವುದು ಹೇಗೆ? ಪ್ರತಿ ಜಾಬಿನ ಜೊತೆಗೂ ಒಂದು ಕಾಗದ ತಿರುಗುತ್ತದೆ. ಉಕ್ಕು ಯಾವ ಎರಕದ್ದು, ಯಾವ ಯಂತ್ರದಲ್ಲಿ ಏನು ಮಾಡಿದರು, ಮಾಡಿದ ಕಾರ್ಮಿಕನ ನಂಬರು ಎಷ್ಟು, ಯಾವ ತಪಾಸಣೆಗಾರ ಮುದ್ರೆ ಒತ್ತಿದ, ಎಲ್ಲವೂ ಅದರಲ್ಲಿ ದಾಖಲಾಗಬೇಕು. ಹತ್ತು ವರ್ಷದ ಮೇಲೆ ಎಲ್ಲೋ ಒಂದು ಗೇರು ಮುರಿದರೆ ಆ ಕಾಗದವನ್ನು ಹಿಡಿದು ಹಿಂದಕ್ಕೆ ನಡೆಯಬಹುದು. ‘ಆಧಾರವೆಲ್ಲಿ?’ ಎಂದು ಕೇಳುವ ನಮ್ಮ ಚರಿತ್ರೆಯ ಅಧ್ಯಾಪಕರು ಈ ಏರ್ಪಾಟನ್ನು ಖಂಡಿತ ಮೆಚ್ಚುವರು. ಎಲ್ಲಿಯೋ ಇರುವ ಒಬ್ಬ ಅಪರಿಚಿತ, ತಾನು ಕಾಣದ ಕೈಯನ್ನು ನಂಬಿ ಯಂತ್ರವನ್ನು ಓಡಿಸುವುದು ಆ ನಂಬರಿನ ಬಲದಿಂದ. ಮಾವನವರಿಗೆ ಸಂಬಳದಷ್ಟೇ ಅಭಿಮಾನ ಆ ನಂಬರಿನ ಮೇಲಿತ್ತು.

ನಮ್ಮಣ್ಣನ ಸ್ಥಿತಿ ಬೇರೆ. ಅವನು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷ ಓದಿದವನು. ಮಾವನವರಿದ್ದ ಸಾಲಿನಲ್ಲಿಯೇ ನಿಂತು ಅಂತಹದೇ ಶಾಫ್ಟನ್ನು ಗಣಕದಿಂದ ನಡೆಯುವ ಯಂತ್ರದಲ್ಲಿ ಕಡೆಯುತ್ತಾನೆ. ಸಂಬಳ ಗುತ್ತಿಗೆದಾರನಿಂದ ಬರುತ್ತದೆ. ಪಕ್ಕದ ಕಾಯಂ ನೌಕರನ ಅರ್ಧದಷ್ಟೂ ಇಲ್ಲ. ಇದನ್ನಾದರೂ ಸಹಿಸಬಹುದು ಎನ್ನುತ್ತಾನೆ ಅವನು. ಆದರೆ ಗುತ್ತಿಗೆಯವರಿಗೆ ಕಾರ್ಖಾನೆಯ ನಂಬರಿಲ್ಲ. ಅವನು ಕಡೆದ ಜಾಬಿನ ಕಾಗದದಲ್ಲಿ ಆ ಪಾಳಿಯ ಒಬ್ಬ ಕಾಯಂ ನೌಕರನ ನಂಬರು ಬೀಳುತ್ತದೆ. ಇಡೀ ಕಾರ್ಖಾನೆ ಯಾವ ಕಾಗದದ ಮೇಲೆ ನಿಂತಿದೆಯೋ ಆ ಕಾಗದವೇ ಇಲ್ಲಿ ನಿಜ ಹೇಳುತ್ತಿಲ್ಲ. ಕೂದಲೆಳೆಯಷ್ಟು ಉಕ್ಕಿನ ವ್ಯತ್ಯಾಸವನ್ನು ಸಹಿಸದ ಜಾಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಹೇಗೆ ಸಹ್ಯವಾಯಿತೋ ನನಗೆ ಅರ್ಥವಾಗದು.

ಗುತ್ತಿಗೆ ದುಡಿಮೆಯನ್ನು ಹತೋಟಿಯಲ್ಲಿಡಲೆಂದೂ ಅಗತ್ಯವಾದ ಕಡೆ ನಿಷೇಧಿಸಲೆಂದೂ 1970ರಲ್ಲಿ ಕಾಯಿದೆಯೊಂದು ಬಂದಿತು. ಹಾಗೆ ನಿಷೇಧಿಸಿದ ಮಾತ್ರಕ್ಕೆ ಗುತ್ತಿಗೆಯವರು ತಾವಾಗಿಯೇ ಮೂಲ ಕಂಪನಿಯ ನೌಕರರಾಗುವುದಿಲ್ಲ, ಗುತ್ತಿಗೆಯೇ ಬರಿಯ ಸೋಗೆಂದು ಸ್ಥಾಪಿತವಾದರೆ ಮಾತ್ರ ಮಾತು ಬೇರೆ ಎಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪಿತ್ತಿತು. ಸೋಗೆಂದು ತೋರಿಸಿಕೊಡಲು ಬೇಕಾದ ಕಾಗದಗಳು ಕಾರ್ಮಿಕನ ಕೈಗೆ ಸುಲಭವಾಗಿ ಸಿಗುವಂಥವಲ್ಲ.

ನಮ್ಮ ತರಗತಿಯ ಕೆಲವರು ಪರೀಕ್ಷೆ ಮುಗಿದ ಮೇಲೆ ಇಂತಹ ಕಡೆ ಸೇರುವ ಯೋಚನೆಯಲ್ಲಿದ್ದಾರೆಂದು ಬಲ್ಲೆ. 1961ರ ಅಪ್ರೆಂಟಿಸ್ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ ಕಲಾ ಪದವೀಧರರಿಗೂ ಅವಕಾಶ ತೆರೆದಿದೆ; ಉಗ್ರಾಣ, ಹಾಜರಿ, ಲೆಕ್ಕಪತ್ರದ ವಿಭಾಗಗಳಲ್ಲಿ ಓದುಬರಹ ಬಲ್ಲವರು ಬೇಕು. ಹಾಗೆ ಹೋಗುವವರು ಸಂಬಳದ ಜೊತೆಗೆ, ತಾವು ಬರೆಯುವ ಕಾಗದದ ಮೇಲೆ ಯಾರ ನಂಬರು ಬೀಳುತ್ತದೆಂಬುದನ್ನೂ ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದೆಂದು ಮಾವನವರು ಹೇಳಿದ್ದಾರೆ.